ಜೀರುಂಡೆಯವರು ಮಾಡಿಸಿದ ಮದುವೆ

ಫೆಬ್ರವರಿ 31, ಕ್ರಿ.ಶ. 2203
ಮೇಲಣ ಗಾಂಧಿನಗರ, ಬೆಂಗಳೂರು

‘ತಾರಾಕುಟೀರ’ ಸಿನಿಮಾ ವಾರಪತ್ರಿಕೆಯ ಗಾಸಿಪ್ ಅಂಕಣಕಾರರಾದ ಮಾನ್ಯ ‘ಜೀರುಂಡೆ’ಯವರಿಗೆ, ಹೆತ್ತವರು ಕೊಡದ ಅಣ್ಣನೊಬ್ಬನನ್ನು ನಿಮ್ಮ ದಯೆಯಿಂದ ಪಡೆದ ಇಂಚರಳ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಯೊಂದಕ್ಕೆ ಯಾಕೆ ಅನ್ಯಾಯವೆಂದು ನಮ್ಮವರು ಮೂರು ದಿನ ಸೇರಿಸಿಕೊಂಡಿದ್ದಾರೆ. ನನ್ನ ಮಾತಿನ ವರಸೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾವೆಲ್ಲ ಬರೆಯಲು ಕಲಿತದ್ದೇ ನಿಮ್ಮ ಅಂಕಣದಿಂದ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಅಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ. ಜನ ಅದನ್ನು ತೀರಿಹೋದ ಅಜ್ಜಿಗೋ ತಾಯಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯಲು ಕೂತಾಗ ಅಮ್ಮ ಹಣೆ ಚಚ್ಚಿಕೊಂಡು, “ಇನ್ಯಾರೂ ಸಿಗ್ಲಿಲ್ವೇನೇ ನಿಂಗೆ?” ಎಂದಳು.

ನೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಲೋಕದ ಯಂತ್ರಗಳೆಲ್ಲ ನೆನಪು ಕಳೆದುಕೊಂಡವು. ಅದನ್ನು ದೊಡ್ಡಮರೆವು ಎನ್ನುತ್ತೇವೆ. ಉಳಿದದ್ದು ಕಾಗದ ಮಾತ್ರ. ಘನವಾದ ದಿನಪತ್ರಿಕೆಗಳನ್ನು ನಿಮ್ಮವರು ಆಗಲೇ ರದ್ದಿಗೆ ಹಾಕಿದ್ದರು. ಸಿನಿಮಾ ಪತ್ರಿಕೆಗಳನ್ನು ಟ್ರಂಕಿನ ತಳಕ್ಕೆ, ಪಾತ್ರೆಯ ಶೆಲ್ಫಿಗೆ ಹಾಸಿ ಕಾಪಾಡಿದ್ದರು. ಹೀಗಾಗಿ ನಮ್ಮ ಪಾಲಿಗೆ ಇಪ್ಪತ್ತನೇ ಶತಮಾನದ ಇತಿಹಾಸವೆಂದರೆ ನೀವೇ. ಆಗ ದೇಶ ಆಳಿದವರು ಯಾರೆಂದು ಇಲ್ಲಿನ ಮಕ್ಕಳಿಗೆ ತಿಳಿಯದು, ಆದರೆ ಯಾವ ನಾಯಕಿ ಮುನಿಸಿಕೊಂಡು ಯಾವ ಮುಹೂರ್ತಕ್ಕೆ ತಡವಾಗಿ ಬಂದಳೆಂದು ಬಾಯಿಪಾಠ ಒಪ್ಪಿಸುತ್ತಾರೆ. ನಿಮಗೆ ಎಲ್ಲವನ್ನೂ ತಿಳಿಸುತ್ತಿದ್ದ ‘ಬಲ್ಲ ಮೂಲಗಳು’ ಎಂಬ ಮಹನೀಯರಿಗೆ ಚೌಕದಲ್ಲಿ ಪ್ರತಿಮೆ ನಿಲ್ಲಿಸಿದ್ದೇವೆ. ಮುಖ ಗೊತ್ತಿಲ್ಲದ್ದರಿಂದ ಮುಸುಕು ಹಾಕಿದ್ದೇವೆ.

ನನ್ನ ಗೋಳು ಶುರುವಾಗುವುದು 1988ರ ಸೆಪ್ಟೆಂಬರ್ 9ರ ನಿಮ್ಮ ಸಂಚಿಕೆಯಿಂದ. “ಕೆನ್ನೆಯ ಮೇಲೆ ಮಚ್ಚೆಯಿರುವ ಮೂರಕ್ಷರದ ನಾಯಕಿಯೂ ಗುಂಗುರು ಕೂದಲಿನ ಖಳನೂ ಹಾರಗಳ ಸಮೇತ ಒಂದೇ ಕಾರಿನಲ್ಲಿ ಹೋದರಂತೆ. ಗುಟ್ಟಾಗಿ ಗಂಟು ಬಿತ್ತಂತೆ...” ಎಂದು ಬರೆದಿರಿ. ಹೆಸರು ಹಾಕದಿರುವುದು ನಿಮ್ಮ ಕಸುಬಿನ ಮರ್ಯಾದೆ, ಒಪ್ಪಿದೆ. ಮಚ್ಚೆ ಬರೆದ ಮೇಲೆ ಹೆಸರು ಯಾತಕ್ಕೆ ಸ್ವಾಮಿ? ಆಕೆ ನಮ್ಮ ವಂಶದ ಮೂಲಜ್ಜಿ ವಾರಿಜಾ. ಆತ ಪುಟ್ಟಮಾದಯ್ಯ. ನಾನು ಮದುವೆಯಾಗಲು ಹೊರಟಿರುವ ತಿರುಮಲೇಶ ಆತನ ವಂಶದವನು.

ಇಲ್ಲಿ ಗಂಡುಹೆಣ್ಣಿನ ವಂಶ ನೋಡುವುದು ಅಚ್ಚುಪಂಚಾಯ್ತಿ. ಅದರ ಕಾನೂನು ಒಂದೇ: ಅಚ್ಚಾದದ್ದೆಲ್ಲ ನಿಜ. ನಿಮ್ಮ ಸಾಲುಗಳನ್ನು ತೆಗೆದು ಓದಿ ತೀರ್ಪು ಕೊಟ್ಟರು. ಅವರಿಬ್ಬರು ಗಂಡಹೆಂಡಿರು, ಆದ್ದರಿಂದ ಇವರಿಬ್ಬರು ಅಣ್ಣತಂಗಿ. ಅಂದಿನಿಂದ ತಿರುಮಲೇಶ ನಾಲ್ಕು ಜನರೆದುರು ನನ್ನನ್ನು, “ಚೆನ್ನಾಗಿದ್ದೀಯೇನಮ್ಮ ತಂಗಿ?” ಎಂದೇ ಕೇಳಬೇಕು. ಕೇಳುವಾಗ ಅವನ ಮುಖ ಹರಳೆಣ್ಣೆ ಕುಡಿದ ಹಾಗಿರುತ್ತದೆ. ಮೊದಲ ಸಲ ನಕ್ಕೆ. ಮನೆಗೆ ಬಂದು ಅತ್ತೆ.

ವಾರಿಜಾ ಅಜ್ಜಿಯ ಡೈರಿ ನಮ್ಮ ಮನೆಯಲ್ಲಿದೆ. “ಮದುವೆ ಸೀನಿಗೆ ಬೇಕಾದ ಹಾರ ನನ್ನ ಕಾರಲ್ಲೇ ಬಂತು. ಹಾರದ ಜೊತೆ ಪುಟ್ಟಮಾದಯ್ಯನೂ ಬಂದ. ಅವನು ತಿಂದಿದ್ದ ಹಸಿ ಈರುಳ್ಳಿ ವಾಸನೆಗೆ ದಾರಿಯುದ್ದಕ್ಕೂ ಕಿಟಕಿಯಾಚೆ ಮುಖ ಹಾಕಿ ಕೂತಿದ್ದೆ,” ಎಂದು ಬರೆದಿದ್ದಾಳೆ. ಪಂಚಾಯ್ತಿಯ ಹಿರಿಯರು ಅದನ್ನು ಮೂಸಿಯೂ ನೋಡಲಿಲ್ಲ. “ಕೈಬರಹ ಯಾರ್ ಬೇಕಾದ್ರೂ ಗೀಚ್ಬೋದು ಕಣಮ್ಮ, ಅಚ್ಚಾಗಿದ್ರೆ ತಗೊಂಬಾ,” ಎಂದರು.

ಆದ್ದರಿಂದ ಬೇಡುತ್ತೇನೆ. ಆ ಸಂಚಿಕೆಯ ಮುಂದಿನ ವಾರವೇ ಒಂದು ಸ್ಪಷ್ಟನೆ ಹಾಕಿ. ‘ಏನೂ ಇಲ್ಲವಂತೆ’ ಎಂದು ಬರೆಯಬೇಡಿ, ‘ಇಲ್ಲ’ ಎಂದು ಬರೆಯಿರಿ. ಕೊನೆಗೆ ಮೂರು ಚುಕ್ಕಿ ಇಡಲೇಬೇಡಿ. ನಿಮ್ಮ ಚುಕ್ಕಿಗಳ ಅರ್ಥ ಹೇಳಲೆಂದೇ ಇಲ್ಲಿ ವಿಶ್ವವಿದ್ಯಾಲಯದಲ್ಲಿ ಒಂದು ಪೀಠವಿದೆ. ಈರುಳ್ಳಿಯ ವಿಷಯ ಸೇರಿಸಿದರೆ ಉಪಕಾರ.

ಇನ್ನೊಂದು ಮಾತು, ಇದೇ ಮುಖ್ಯ. ನಿಮ್ಮ ನಲವತ್ತು ಸ್ಪಷ್ಟನೆಗಳನ್ನು ಓದಿದ್ದೇನೆ. ಸುದ್ದಿಯನ್ನು ಪುಟದ ನೆತ್ತಿಯ ಮೇಲೆ ಕೂರಿಸುವ ನೀವು, ಸ್ಪಷ್ಟನೆಯನ್ನು ಮಾತ್ರ ಕೆಳಗಿನ ಮೂಲೆಯಲ್ಲಿ, ಕೂದಲೆಣ್ಣೆ ಜಾಹೀರಾತಿನ ಅಡಿಯಲ್ಲಿ, ಇರುವೆಯಷ್ಟು ಅಕ್ಷರಗಳಲ್ಲಿ ಹಾಕುತ್ತೀರಿ. ನಿಮ್ಮ ಮುಂದಿನ ವಾರದ ಅಂಕಣದ ಪುಟದ ಒಂದೇ ಪ್ರತಿ ಲೋಕದಲ್ಲಿ ಉಳಿದಿದೆ. ಮೊಹರು ಮಾಡಿದ ಪೆಟ್ಟಿಗೆಯಲ್ಲಿದೆ, ಸೋಮವಾರ ಪಂಚಾಯ್ತಿಯವರು ಎಲ್ಲರೆದುರು ಬಿಚ್ಚುತ್ತಾರೆ. ಒಳಗೇನಿದೆಯೋ ನಮ್ಮ ಕಾಲದವರು ಯಾರೂ ಓದಿಲ್ಲ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಇಷ್ಟೇ ಇದೆ: ‘ಪುಟದ ಕೆಳಗಿನ ಭಾಗ ಇಲ್ಲ. ಕಡಲೆಕಾಯಿ ಪೊಟ್ಟಣಕ್ಕೆ ಹರಿದುಕೊಂಡಂತಿದೆ.’

ಮೇಲ್ಗಡೆ ಹಾಕಿ, ಜೀರುಂಡೆಯವರೇ. ಜನ್ಮದಲ್ಲಿ ಒಂದೇ ಒಂದು ಸಲ, ಮೇಲ್ಗಡೆ ಹಾಕಿ.

ಇತಿ,
ತಿರುಮಲೇಶನ ತಂಗಿಯಲ್ಲದ
ಇಂಚರ