ಆರು ನಿಂಬೆಹಣ್ಣಿನ ನೆರಳು

ತುರ್ವಿಹಾಳ
೨೪ ಜನವರಿ ೧೯೭೦

ಚಿರಂಜೀವಿ ಅಮರಮ್ಮನಿಗೆ,

ಮೊದಲು ನೆಟ್ಟಗೆ ಕೂತುಕೋ. ಹಾಸ್ಟೆಲಿನ ಮಂಚದ ಮೇಲೆ ಅಡ್ಡಬಿದ್ದು ಓದುವ ಕಾಗದ ಇದಲ್ಲ. ದೀಪಾವಳಿ ಮುಗಿಸಿ ಧಾರವಾಡದ ಬಸ್ಸು ಹತ್ತಿದವಳು ಇವತ್ತಿನವರೆಗೆ ಒಂದು ಸಾಲು ಬರೆದಿಲ್ಲ. ಕೆಮಿಸ್ಟ್ರಿ ಓದಿದವರಿಗೆ ಅಜ್ಜಿಗೆ ಬರೆಯುವಾಗ ಕೈ ಸೆಟೆದುಹೋಗುತ್ತದೇನು? ನನ್ನದೂ ತಡವಾಯಿತು, ಒಪ್ಪಿದೆ. ಐನೋರ ಮಠದಲ್ಲಿ ಮೂರು ವರ್ಷ ಅಕ್ಷರ ಕಲಿತವಳು. ಒಂದು ಕಾಗದಕ್ಕೆ ನಾಲ್ಕು ದಿನ ಬೇಕು. ಅದರ ಮೇಲೆ, ಸಿಟ್ಟು ಇಳಿಯಲಿ ಅಂತ ಎಂಟು ದಿನ ಕಾದೆ. ಇಳಿಯಲಿಲ್ಲ.

ಊರಿನ ಸುದ್ದಿ ಅಂದರೆ, ಕಾಲುವೆಗೆ ನೀರು ಬಿಟ್ಟಿದ್ದಾರೆ, ಎರಡನೇ ಬೆಳೆಯ ನಾಟಿ ನಡೆದಿದೆ. ಚಾಂದ್‌ಬೀ ಸೊಸೆ ಹೆಣ್ಣು ಹೆತ್ತಳು. ಕರಿ ಎಮ್ಮೆ ಒದೆಯುವುದು ಬಿಟ್ಟಿಲ್ಲ. ಇಷ್ಟು ಸಾಕು.

ದೀಪಾವಳಿಗೆ ಬಂದಾಗ ನೀನು ಪಡಸಾಲೆಯಲ್ಲಿ ದೊಡ್ಡ ಹಾಳೆ ಹಾಸಿಕೊಂಡು ಕೂತಿದ್ದಿ. ಕಾಲೇಜಿನ ಸರ್ ಬರೆದುಕೊಂಡು ಬಾ ಅಂದಿದ್ದಾರೆ ಅಂದಿ. ಒಂದಕ್ಕೊಂದು ಅಂಟಿದ ಗುಂಡುಗಳು, ಹೊರಗಿನ ಆರು ದೊಡ್ಡವು.

“ಏನಬೇ ಇದು, ರೊಟ್ಟಿ ಬಡದು ಹರವಿದಂಗ ಐತಿ,” ಅಂದೆ.

“ಅಣು, ಅಮ್ಮಾ. ಕಣ್ಣಿಗಿ ಕಾಣಂಗಿಲ್ಲ. ಕಂಡ್ರ ಹಿಂಗ ಕಾಣ್ತಿತ್ತು. ಎಷ್ಟ್ ತಿದ್ದಿದ್ರೂ ಚಪ್ಪಟ್ಟಿ ಆಗಾಕತ್ತೈತಿ,” ಅಂತ ಅಳುಮುಖ ಮಾಡಿದಿ.

ಪ್ರತಿ ವರ್ಷ ಗೋಡೆಗೆ ಸುಣ್ಣ ಬಳಿದು ಮಸಿಯಲ್ಲಿ ಚಿತ್ತಾರ ತೆಗೆಯುವವಳು ನಾನು. ನಿನ್ನ ಮುಖ ನೋಡಲಾಗದೆ ಮೊರದಲ್ಲಿ ಆರು ನಿಂಬೆಹಣ್ಣು ಕೂಡಿಸಿ ಬೆಳಕಿಂಡಿಯ ಕೆಳಗಿಟ್ಟೆ. ಹಣ್ಣಿಗೆ ಹಣ್ಣು ತಾಗಿದ ಸಂದಿನಲ್ಲೇ ಎಲ್ಲಕ್ಕಿಂತ ಹೆಚ್ಚು ಕಪ್ಪು, ನೋಡು ಅಂದೆ. ಬೆಳಕು ಬಿದ್ದ ನೆತ್ತಿಯಲ್ಲಿ ಹಾಳೆಯನ್ನು ಮುಟ್ಟಲೇಬೇಡ ಅಂದೆ. ಹಿಂದಿನ ಗುಂಡುಗಳು ಮಂಜಿನಲ್ಲಿ ಕಾಲುವೆಯ ಆಚೆ ದಂಡೆಯ ಜಾಲಿಗಿಡದಂತೆ ಮಸುಕಾಗಿರಲಿ, ಮುಂದಿನವಕ್ಕೆ ಅಂಚು ಗಟ್ಟಿಯಾಗಿ ಎಳೆ ಅಂದೆ. ಪೆನ್ಸಿಲ್ಲಿನ ಪುಡಿಯನ್ನು ಹಳೆ ಸೀರೆಯ ಚೂರಿನಿಂದ ತೀಡಿ ಕೊಟ್ಟವಳೂ ನಾನೇ. ಸಂಜೆಯ ಹೊತ್ತಿಗೆ ಗುಂಡುಗಳು ಹಾಳೆ ಬಿಟ್ಟು ಎದ್ದು ಬಂದವು. ನೀನು ನನ್ನ ಕೆನ್ನೆ ಹಿಂಡಿದಿ. ಆ ಅಣುವಿನ ಹೆಸರು ಎರಡು ಸಲ ಕೇಳಿದೆ.

“ಇಂಗ್ಲಿಷ್ ಹೆಸರು ಅಮ್ಮಾ, ನಿನ್ನ ಬಾಯಾಗ ಹೊಳ್ಳಂಗಿಲ್ಲ,” ಅಂದಿ.

ಸಂಕ್ರಾಂತಿಗೆ ಎಳ್ಳು ತರಲು ಸಿಂಧನೂರಿಗೆ ಹೋಗಿದ್ದೆ. ಬಿಸಿಲು ತಾಳದೆ ರಹಿಮಾನನ ಗೊಬ್ಬರದ ಅಂಗಡಿಯಲ್ಲಿ ನಿಂತೆ. ಗೋಡೆಗೆ ಹೊಸ ಕ್ಯಾಲೆಂಡರ್. ಅದರ ಮೇಲೆ ನಿನ್ನ ಗುಂಡುಗಳು, ಹಸಿರು ಬಣ್ಣ ಬಳಿದಿದ್ದಾರೆ. ಸಂದಿನ ಕಪ್ಪು ಹಾಗೇ ಇದೆ. ನನ್ನ ಕೈಗುರುತು ನನಗೆ ಸಿಗದೇ? ಒಂದು ಗಳಿಗೆ ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ.

ಪಕ್ಕದಲ್ಲಿ ಲಿಂಗಸುಗೂರಿನ ಕಡೆಯ ಒಬ್ಬ ಹೆಣ್ಣುಮಗಳು ಕೈ ಚಾಚಿ, “ಏನ್ ಹಣ್ಣಪ್ಪ ಇವು? ಹರ್ಕೊಂಡು ತಿನ್ಬೇಕು ಅನಸ್ತೈತಿ,” ಅಂದಳು.

ರಹಿಮಾನ್ ನಕ್ಕ. “ತಿಂದೀಯಬೇ ಮತ್ತ. ಎಂಡ್ರಿನ್ ಅದು, ಹುಳಕ್ಕ ಹೊಡಿಯೋ ದವಾ. ಒಳಗ ಹಿಂಗ ಇರ್ತೈತಂತ. ಧಾರವಾಡದ ಕಾಲೇಜಿನವ್ರು ಬರದುಕೊಟ್ಟಾರ, ಕಂಪನಿಯವ್ರು ಛಾಪಿಸ್ಯಾರ.”

ಅಲ್ಲೇ ಗೊಬ್ಬರದ ಚೀಲದ ಮೇಲೆ ಕೂತುಬಿಟ್ಟೆ. ಎಂಡ್ರಿನ್. ನನ್ನ ಬಾಯಲ್ಲಿ ಹೊರಳದ ಹೆಸರು ಇದೇನಾ? ನಾಲ್ಕು ವರ್ಷದಿಂದ ದಿನಾ ಹೊರಳುತ್ತಿದೆ. ನಿನ್ನ ಅಪ್ಪ ಯಮನೂರಪ್ಪ ಗದ್ದೆಯ ಬದುವಿನ ಮೇಲೆ ನೊರೆ ಕಾರಿ ಸತ್ತದ್ದು ಇದರಿಂದಲೇ. ನಿನಗೆ ಗೊತ್ತು. ಗೊತ್ತಿದ್ದೇ ಹೆಸರು ಮುಚ್ಚಿಟ್ಟಿ. ನನ್ನ ಮಗನನ್ನು ತಿಂದದ್ದಕ್ಕೆ ನನ್ನ ಕೈಯಿಂದಲೇ ಮೈ ತುಂಬಿಸಿದಿ. ಸರ್ ಹೇಳಿದ್ದರು ಅಂತ ಮಾತ್ರ ಬರೆಯಬೇಡ.

ಕ್ಯಾಲೆಂಡರ್ ತೆಗೆದುಬಿಡು ಅಂತ ರಹಿಮಾನನಿಗೆ ಹೇಳಿದೆ. “ವರ್ಷ ಈಗ ಸುರು ಆಗೈತಿ ಅಮ್ಮಾ, ತಾರೀಖು ಎಲ್ಲಿ ನೋಡ್ಲಿ?” ಅಂದ.

ಹೊತ್ತಿಗೆ ಸರಿಯಾಗಿ ಉಣ್ಣು. ಸಿಟ್ಟಿದ್ದರೂ ಹರಸದೆ ಇರಲಾರೆ: ನಿನ್ನ ಕಣ್ಣು ಚುರುಕಾಗಿರಲಿ, ಕೈ ನಡುಗದಿರಲಿ.

ನಿನ್ನ ಅಪ್ಪನ ಅವ್ವ,
ಗ್ಯಾನಮ್ಮ

ತಾ.ಕ.: ಔಷಧ ಹೊಡೆದ ಕೈ ತೊಳೆಸದೆ ಗಂಡನಿಗೆ ಬುತ್ತಿ ಉಣ್ಣಿಸಿದಳು ಅಂತ ನಿನ್ನ ಅವ್ವ ಗದ್ದೆಮ್ಮನ ಮೇಲೆ ಊರಿಗೆಲ್ಲ ಹೇಳಿದವಳು ನಾನು. ಆ ಮಾತು ಹೊತ್ತುಕೊಂಡೇ ಅವಳು ಮಸ್ಕಿಯ ತವರಿಗೆ ಹೋದಳು. ನಡೆದದ್ದು ಬೇರೆ. ಖಾಲಿಯಾದ ಔಷಧದ ಡಬ್ಬಿ ಥಳಥಳ ಹೊಳೆಯುತ್ತಿತ್ತು, ಎಸೆಯಲು ಮನಸ್ಸಾಗಲಿಲ್ಲ. ಬೂದಿ, ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದೆ. ವಾಸನೆ ಹೋಯಿತು ಅನ್ನಿಸಿತು. ಅದರಲ್ಲೇ ಕುಡಿಯುವ ನೀರು ತುಂಬಿ ಗದ್ದೆಗೆ ಒಯ್ದು ಅವನ ಕೈಗೆ ಕೊಟ್ಟೆ. ಮೇಲೆ ಬರೆದದ್ದು ಇಂಗ್ಲಿಷು, ನನ್ನ ಮಠದ ಅಕ್ಷರವಲ್ಲ. ಜನ ಬರುವಷ್ಟರಲ್ಲಿ ಡಬ್ಬಿಯನ್ನು ಕೆಸರಿನಲ್ಲಿ ತುಳಿದು ಹುಗಿದೆ.

ಮಸ್ಕಿಗೆ ಹೋಗಿ ಈ ಕಾಗದವನ್ನು ನಿನ್ನ ಅವ್ವನಿಗೆ ಓದಿ ಹೇಳು. ಆಮೇಲೆ ಇನ್ನೊಂದು ಹಾಳೆ ಹಾಸು. ಈ ಸಲ ಡಬ್ಬಿ ಬರೆ, ಪಕ್ಕದಲ್ಲಿ ನೀರಿನ ತಂಬಿಗೆ. ಡಬ್ಬಿಯ ಬಾಯೊಳಗೆ ಸಂದಿನ ಕಪ್ಪಿಗಿಂತ ಗಾಢವಾಗಿ ಕಪ್ಪು ತುಂಬು. ಅಕ್ಷರ ಬಾರದ ಹೆಣ್ಣುಮಗಳೂ ನೋಡಿದ ಕೂಡಲೇ ಕೈ ಹಿಂದಕ್ಕೆ ತೆಗೆಯಬೇಕು. ರಹಿಮಾನ್ ಏನೇ ಅನ್ನಲಿ, ಆ ಹಸಿರು ಗುಂಡುಗಳ ಮೇಲೆ ನಾನೇ ಅಂಟಿಸುತ್ತೇನೆ, ತಾರೀಖು ಅವನಿಗೇ ಇರಲಿ. ಬರುವ ತಿಂಗಳು ಇಲ್ಲಿ ಔಷಧ ಹೊಡೆಯಲು ಶುರು. ಅದಕ್ಕೆ ಮೊದಲು ಉತ್ತರ ಬರೆ.