ಜುಲೈ ತಿಂಗಳ ದ್ರಾಕ್ಷಿ ಹಬ್ಬ

ಹಾರ್ಬಿನ್, ಚೀನಾ
೨೯ ಜುಲೈ ೧೯೫೬

ನನ್ನ ಮುದ್ದಿನ ತಂಗಿ ಸಾತೆನಿಕ್‌ಗೆ,

ಸಿಡ್ನಿಯಲ್ಲಿ ನೀನೊಬ್ಬಳೇ ಕೂತು ಇದನ್ನು ಓದುತ್ತೀಯ ಎಂದು ನೆನೆದರೆ ಕೈ ಓಡುತ್ತಿಲ್ಲ. ನಮ್ಮ ಮಾನುಷಾಕ್ ಅಜ್ಜಿ ಮೊನ್ನೆ ಬೆಳಿಗ್ಗೆ ಹೋದಳು ಕಣೆ. ದ್ರಾಕ್ಷಿ ತಿಂದೇ ಹೋದಳು.

ಜುಲೈನಲ್ಲಿ ದ್ರಾಕ್ಷಿಯೇ ಎಂದು ನೀನು ಹುಬ್ಬೇರಿಸುವುದು ಇಲ್ಲಿಗೇ ಕಾಣುತ್ತಿದೆ. ಆಗಸ್ಟ್‌ನಲ್ಲಿ ದೇವಮಾತೆಯ ಹಬ್ಬದ ದಿನ ಪಾದ್ರಿಗಳು ದ್ರಾಕ್ಷಿಯನ್ನು ಹರಸುವ ತನಕ ಒಂದು ಹಣ್ಣು ಬಾಯಿಗಿಟ್ಟರೂ ನಮ್ಮ ಕೈಗೆ ಹೊಡೆಯುತ್ತಿದ್ದವಳು ಅವಳೇ ತಾನೆ! ಹಾಸಿಗೆ ಹಿಡಿದ ಮೇಲೆ ಅವಳು ಕೇಳುತ್ತಿದ್ದುದೂ ಅದೊಂದನ್ನೇ. "ಹಬ್ಬ ಯಾವತ್ತೇ? ಹರಸಿದ ದ್ರಾಕ್ಷಿ ಒಂದು ನಾಲಿಗೆ ಮೇಲಿಟ್ಕೊಂಡು ಹೊರಟ್ಬಿಡ್ತೀನಿ." ಡಾಕ್ಟರು ಒಂದು ವಾರವೂ ಕಷ್ಟ ಎಂದಿದ್ದರು.

ರೊಟ್ಟಿ ಅಂಗಡಿಯ ಅರ್ಷಾವಿರ್ ಮಾಮ ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬದ ದಿನದವರೆಗಿನ ಹಾಳೆಗಳನ್ನೆಲ್ಲ ಪರಪರ ಹರಿದು ಒಲೆಗೆ ಹಾಕಿದ. "ಹಬ್ಬಾನ ನಾವೇ ಕರ್ಕೊಂಡು ಬರೋಣ. ಕಾರ್ಸ್ ಊರಿಂದ ಬರಿಗೈಲಿ ಬಂದು ಇಳಿದಾಗ ನಂಗೆ ಮೊದಲ ತುತ್ತು ಹಾಕಿದ್ದು ಯಾರು?" ಎಂದ. ಊರು ಬಿಟ್ಟು ಓಡಿಬಂದು ಇಲ್ಲಿ ರೈಲಿಳಿದ ನಮ್ಮ ಅರ್ಮೇನಿಯನ್ನರಲ್ಲಿ ಅಜ್ಜಿಯ ಮನೆಯಲ್ಲಿ ಉಣ್ಣದವರು ಯಾರಿದ್ದಾರೆ ಹೇಳು.

ಹಣ್ಣಿನಂಗಡಿಯ ಗುವಾನ್ ಮಾತ್ರ ಗಾಬರಿಯಾದ. ಇಷ್ಟು ವರ್ಷ ನಮ್ಮನ್ನು ನೋಡಿ ನೋಡಿ, ಹಬ್ಬಕ್ಕೆ ಮುಂಚೆ ಅರ್ಮೇನಿಯನ್ನರಿಗೆ ದ್ರಾಕ್ಷಿ ವಿಷ ಎಂದೇ ನಂಬಿದ್ದಾನೆ! "ಬೇಡಮ್ಮ, ಸಾಯೋ ಮುದುಕಿಗೆ ನನ್ನ ಕೈಯಿಂದ ವಿಷ ಕೊಡಿಸ್ತೀಯಾ?" ಎಂದ. ನಾನು ಅಳುವುದನ್ನು ಕಂಡು ಕೊನೆಗೆ ತೂಗಿಕೊಟ್ಟ.

ಪಾದ್ರಿಗಳು ಹೋದ ವರ್ಷವೇ ತೀರಿಕೊಂಡರಲ್ಲ, ಹಾಗಾಗಿ ಉಳಿದಿರುವ ನಾವಷ್ಟು ಜನವೂ ಒಳ್ಳೆಯ ಬಟ್ಟೆ ಹಾಕಿಕೊಂಡು, ಇವತ್ತೇ ಹಬ್ಬ ಎಂದು ಅಜ್ಜಿಗೆ ಹೇಳಿ, ಮಂಚದ ಸುತ್ತ ನಿಂತೆವು. ದ್ರಾಕ್ಷಿ ಹರಸುವ ಹಾಡಿನ ಮೊದಲ ಸಾಲು ವಾನ್ ಊರಿನವರಿಗೆ ಬಂತು, ಎರಡನೆಯದು ಶುಶಿ ಊರಿನ ಅಕ್ಕತಂಗಿಯರಿಗೆ. ಮೂರನೆಯದು ಯಾರಿಗೂ ನೆನಪಿಲ್ಲ. ಆಗ ಅಜ್ಜಿಯೇ ಕಣ್ಣು ಮುಚ್ಚಿಕೊಂಡು, ಸಣ್ಣ ದನಿಯಲ್ಲಿ ಆ ಸಾಲು ಹಾಡಿದಳು. ಮುಗಿಸಿ ಅರ್ಷಾವಿರ್ ಮಾಮನಿಗೆ, "ನೀನು ಹಿಟ್ಟು ನಾದಿದ ಹಾಗೆ ಗುದ್ದಬೇಡ್ವೋ, ರಾಗ ಎಳೀಬೇಕು" ಎಂದು ಬೈದಳು ಬೇರೆ. ನನಗೆ ನಮ್ಮವರ ಬಗ್ಗೆ ಎಂದೂ ಅಷ್ಟು ಹೆಮ್ಮೆಯಾಗಿರಲಿಲ್ಲ.

ದ್ರಾಕ್ಷಿ ಎಂಥ ಹುಳಿ ಅಂತೀಯ! ಹಲ್ಲು ಜುಮ್ಮೆಂದಿತು. ಒಬ್ಬರಾದರೂ ಮುಖ ಹಿಂಡಬೇಕಲ್ಲ! "ಈ ಸಲ ಸಕ್ಕರೆ ಸಕ್ಕರೆ" ಎಂದು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಅಜ್ಜಿ ನಿಧಾನವಾಗಿ ಚಪ್ಪರಿಸಿ ತಿಂದು, ಇನ್ನೊಂದು ಕೇಳಿದಳು.

ಅಳಬೇಡ. ಅತ್ತರೂ ಸ್ವಲ್ಪವೇ ಅಳು.

ನಿನ್ನ ಅಕ್ಕ,
ಶುಶಾನಿಕ್

ತಾ.ಕ.: ಇದು ನಿನಗೊಬ್ಬಳಿಗೇ. ಎಲ್ಲರೂ ಹೋದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದಳು. "ಅಷ್ಟು ಹುಳಿ ದ್ರಾಕ್ಷಿ ಹಬ್ಬದ ಹೊತ್ತಿಗೆ ಎಲ್ಲಿರುತ್ತೇ? ಪಾಪ, ನನಗೋಸ್ಕರ ಎಲ್ಲಾರೂ ವ್ರತ ಕೆಡಿಸ್ಕೊಂಡ್ರು, ನಾನೂ ಕೆಡಿಸ್ಕೊಂಡೆ. ಯಾರಿಗೂ ಹೇಳ್ಬೇಡ, ನೊಂದ್ಕೋತಾರೆ" ಎಂದಳು. ಆಮೇಲೆ ಆ ಮೂರನೆಯ ಸಾಲನ್ನು ನನ್ನಿಂದ ಹಾಡಿಸಿ, ತಪ್ಪಿದಲ್ಲೆಲ್ಲ ತಿದ್ದಿದಳು. ನಾನು ಸಿಡ್ನಿಗೆ ಬರಲೆಂದು ನೀನು ಕಳಿಸಿದ ಹಡಗಿನ ಟಿಕೆಟ್ಟು ಹಬ್ಬಕ್ಕೆ ಮುಂಚಿನ ತಾರೀಖಿನದು, ಈ ಪತ್ರದ ಜೊತೆಯಲ್ಲೇ ಹಿಂದಕ್ಕೆ ಕಳಿಸುತ್ತಿದ್ದೇನೆ. ಬೈಯಬೇಡ, ಸಾತೆನಿಕ್. ಆ ಸಾಲು ಈಗ ಈ ಊರಿನಲ್ಲಿ ನನಗೊಬ್ಬಳಿಗೇ ಬರುತ್ತದೆ.