ಮೈಕಿನಲ್ಲಿ ಮಾಡಿದ ಪ್ರಾರ್ಥನೆ

ಕುದಾಪುರ

ಪಾಸ್ಟರ್ ದೇವದಾನ ಅವರಿಗೆ ನಮಸ್ಕಾರ.

ನನ್ನ ಮಗ ಮಾರುತೇಶ ಗಡಿಯಲ್ಲಿ ತೀರಿಕೊಂಡ ಮೇಲೆ, ಸೈನಿಕರ ಮನೆಗಳಿಗೆಲ್ಲ ಹೋಗುವ ನೀವು ಜಾತಿ ಕೇಳದೆ ನಮ್ಮ ಮನೆಗೂ ಬಂದಿರಿ. ಅವನು ಕೊನೆಯ ಸಲ ಫೋನಿನಲ್ಲಿ ಆಡಿದ ಮಾತನ್ನು ನಿಮಗೊಬ್ಬರಿಗೇ ಹೇಳಿದ್ದೆ: "ಅವ್ವಾ, ಭಯ ಆಗ್ತೈತೆ. ರಶ್ಮಿತಾಗೆ ಗೊತ್ತಾಗ್ಬಾರ್ದು."

ಭಾನುವಾರ ಚಳ್ಳಕೆರೆಯಲ್ಲಿ ಸೈನಿಕರ ಮನೆಯವರನ್ನೆಲ್ಲ ಕೂರಿಸಿ, ಅದೇ ಮಾತನ್ನು ಮೈಕಿನಲ್ಲಿ ಹೇಳಿ ಪ್ರಾರ್ಥನೆ ಮಾಡಿದಿರಿ. ಎಲ್ಲರೂ ಕಣ್ಣು ಮುಚ್ಚಿದ್ದರು. ಸೊಸೆ ರಶ್ಮಿತಾ ಮಾತ್ರ ಕಣ್ಣು ತೆರೆದು ನನ್ನನ್ನು ನೋಡಿದಳು. ಬಸ್ಸಿನಲ್ಲಿ, "ಅತ್ತೆ, ಪಾಸ್ಟರಿಗೆ ಹೇಳಿದ್ರಿ. ನಾನೇನು ಹೊರಗಿನೋಳಾ?" ಎಂದಳು. ಆಮೇಲೆ ಮಾತಾಡಿಲ್ಲ.

ಮುಂದೆಯೂ ಬನ್ನಿ, ಕಾಫಿ ಕೊಡುತ್ತೇನೆ. ಪ್ರಾರ್ಥನೆ ಮಾತ್ರ ಮನಸ್ಸಿನಲ್ಲೇ ಮಾಡಿಕೊಳ್ಳಿ. ಹಾಗೆ ಮಾಡಿದರೂ ದೇವರಿಗೆ ಕೇಳಿಸುತ್ತದೆ ಎಂದು ನೀವೇ ಹೇಳಿದ್ದಿರಿ.

ಇಂತಿ,
ಮಾರುತೇಶನ ತಾಯಿ ನಿಂಗಕ್ಕ